ಎಂಜಿನ್ ಕಸಿ: ಒಗ್ಗುವ ಒಡಲು, ಒಗ್ಗದ ಒಡಲು

ಸಾಧಾರಣ ಸಾಮರ್ಥ್ಯದ ಕಾರೊಂದರ ಮೂಲ ಎಂಜಿನನ್ನು ಇಳಿಸಿ, ಅದರ ಜಾಗದಲ್ಲಿ ಹೆಚ್ಚು ಶಕ್ತಿಯ ಬೇರೊಂದು ಎಂಜಿನನ್ನು ಕೂರಿಸುವ ಕೆಲಸಕ್ಕೆ ಮೋಟಾರು ಲೋಕದಲ್ಲಿ ‘ಎಂಜಿನ್ ಸ್ವಾಪ್’ ಎಂಬ ಹೆಸರು ರೂಢಿಯಲ್ಲಿದೆ. ಕನ್ನಡದಲ್ಲಿ ಇದನ್ನು ಎಂಜಿನ್ ಕಸಿ ಎನ್ನಬಹುದು. ಹಾಗೆನ್ನುವುದರಿಂದ ಒಂದು ಪ್ರಯೋಜನವೂ ಇದೆ, ಏಕೆಂದರೆ ಕಸಿಯ ಮಾತು ಬಂದಾಗ ತೋಟದ ಕೆಲಸ ಬಲ್ಲವರು ಮೊದಲು ವಿಚಾರಿಸುವುದು ಕುಡಿಯನ್ನು ಹೊರಬೇಕಾದ ಬೇರುಗಿಡದ ವಿಷಯವನ್ನು. ಕಾರಿನ ಕಸಿಯಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಎಷ್ಟು ಅಶ್ವಶಕ್ತಿಯ ಎಂಜಿನ್ ಸಿಕ್ಕಿತು, ಎಷ್ಟು ಬೆಲೆಗೆ ಸಿಕ್ಕಿತು ಎಂಬುದರ ಲೆಕ್ಕ ಮುಗಿದ ಮೇಲೆ, ಆ ಶಕ್ತಿಯನ್ನು ಹೊರಬೇಕಾದ ಒಡಲಿನ ನೆನಪು ಬರುತ್ತದೆ. ಇಂಥ ಕಸಿ ಯುಕ್ತವೇ ಅಲ್ಲವೇ ಎಂಬ ಪ್ರಶ್ನೆಗೆ ಎಂಜಿನ್ನಿನ ಕಡೆಯಿಂದ ಉತ್ತರ ಸಿಗುವುದಿಲ್ಲ, ಕಾರಿನ ಕಡೆಯಿಂದಲೇ ಸಿಗಬೇಕು ಎಂಬುದು ಈ ಅಧ್ಯಾಯದ ನಿಲುವು.

ಎಂಜಿನ್ ಉತ್ಪಾದಿಸುವ ಬಲವು ರಸ್ತೆಯನ್ನು ತಲುಪುವ ಮೊದಲು ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲರ್ ಶಾಫ್ಟ್, ಡಿಫರೆನ್ಶಿಯಲ್, ಆ್ಯಕ್ಸಲ್ ಮತ್ತು ಟೈರುಗಳನ್ನು ಹಾದು ಬರುತ್ತದೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ತಯಾರಕರು ಮೂಲ ಎಂಜಿನ್ನಿನ ಟಾರ್ಕ್‌ಗೆ, ಅಂದರೆ ಅದರ ತಿರುಗಿಸುವ ಬಲಕ್ಕೆ, ಸ್ವಲ್ಪ ಮೀಸಲು ಸೇರಿಸಿ ರೂಪಿಸಿರುತ್ತಾರೆ. ಮೊದಲ ಗೇರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಎರಡೂ ಸೇರಿ ಈ ಬಲವನ್ನು ಸುಮಾರು 14 ಪಟ್ಟು ಹೆಚ್ಚಿಸುತ್ತವೆ ಎಂದಿಟ್ಟುಕೊಂಡರೆ, 90 ನ್ಯೂಟನ್ ಮೀಟರ್ ಟಾರ್ಕಿನ ಸಣ್ಣ ಎಂಜಿನ್ ಚಕ್ರಗಳಿಗೆ ಒಟ್ಟು 1260 ನ್ಯೂಟನ್ ಮೀಟರಿನಷ್ಟು ಬಲವನ್ನು ಮುಟ್ಟಿಸುತ್ತದೆ. ಅದೇ ಜಾಗಕ್ಕೆ 250 ನ್ಯೂಟನ್ ಮೀಟರಿನ ಎಂಜಿನ್ ಬಂದರೆ ಈ ಮೊತ್ತ 3500ಕ್ಕೆ ಏರುತ್ತದೆ. ಆದರೆ ಮುಂದಿನ ಚಕ್ರಗಳ ಮೇಲೆ 600 ಕಿಲೋ ಭಾರವಿರುವ, ಆ ಚಕ್ರಗಳಿಂದಲೇ ಎಳೆಯಲ್ಪಡುವ ಸಣ್ಣ ಕಾರಿನ ಟೈರುಗಳು ಒಣ ಡಾಂಬರಿನ ಮೇಲೆ ಹಿಡಿದುಕೊಳ್ಳಬಲ್ಲದ್ದು ಹೆಚ್ಚೆಂದರೆ 1500 ನ್ಯೂಟನ್ ಮೀಟರಿನ ಆಸುಪಾಸು. ಅದಕ್ಕಿಂತ ಮೇಲಿನದು ಚಕ್ರವನ್ನು ನಿಂತಲ್ಲೇ ಸುತ್ತಿಸಿ ರಬ್ಬರನ್ನು ಸುಡುತ್ತದೆಯೇ ಹೊರತು ಕಾರನ್ನು ಮುಂದಕ್ಕೆ ಒಯ್ಯುವುದಿಲ್ಲ. ಮೇಲಾಗಿ ಕಾರು ರಭಸದಿಂದ ಮುನ್ನುಗ್ಗುವಾಗ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರಗಳ ಹಿಡಿತ, ಬಹಳ ಬೇಕಾದ ಆ ಗಳಿಗೆಯಲ್ಲೇ, ಇನ್ನಷ್ಟು ಸಡಿಲಗೊಳ್ಳುತ್ತದೆ.

ಗರಿಷ್ಠ ವೇಗದ ವಿಷಯದಲ್ಲಿಯೂ ನಿರೀಕ್ಷೆ ಮತ್ತು ಫಲಗಳ ನಡುವೆ ದೊಡ್ಡ ಅಂತರವಿದೆ. ವೇಗ ಹೆಚ್ಚಿದಂತೆ ಗಾಳಿಯ ಪ್ರತಿರೋಧವನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಎಂದರೆ ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟಾಗಬೇಕು. ಗಂಟೆಗೆ 120 ಕಿಲೋಮೀಟರಿಗೆ ದಣಿಯುವ ಕಾರನ್ನು 150ಕ್ಕೆ ಒಯ್ಯಲು, ಅಂದರೆ ಕಾಲುಪಾಲು ಹೆಚ್ಚಿನ ವೇಗಕ್ಕೆ, ಹತ್ತಿರ ಹತ್ತಿರ ಇಮ್ಮಡಿ ಶಕ್ತಿ ಬೇಕು. ಇನ್ನು ಹಾಗೆ ಗಳಿಸಿದ ವೇಗವನ್ನು ಇಳಿಸುವ ಹೊಣೆ ಬ್ರೇಕುಗಳದು, ಮತ್ತು ಚಲನಶಕ್ತಿ ಏರುವುದು ವೇಗದ ವರ್ಗದ ಪ್ರಮಾಣದಲ್ಲಿ. 1000 ಕಿಲೋ ತೂಕದ ಕಾರು 100 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖವು ಸುಮಾರು ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು; 150ರಿಂದ ನಿಂತರೆ ಅದೇ ಶಾಖ ಎರಡೂಮುಕ್ಕಾಲು ಲೀಟರನ್ನು ಕುದಿಸುತ್ತದೆ. ಘಾಟಿಯ ಇಳಿಜಾರಿನಲ್ಲಿ ಇದು ತಿರುವು ತಿರುವಿಗೂ ಮರುಕಳಿಸುವುದನ್ನು ಊಹಿಸಿಕೊಂಡರೆ, ಬ್ರೇಕ್ ಬದಲಿಸದೆ ಎಂಜಿನ್ ಬದಲಿಸುವುದು ಎಂಥ ಅಪಾಯದ ಕೆಲಸವೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಎಂಜಿನ್ ತಾನೂ ಬಿಸಿಯಾಗುತ್ತದೆ: ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಾಲನೆಗೆ ಒದಗಿ, ಉಳಿದದ್ದು ಹೊಗೆಯ ಜೊತೆಗೂ ರೇಡಿಯೇಟರಿನ ನೀರಿನ ಮೂಲಕವೂ ಹೊರಹೋಗುವುದರಿಂದ, ಶಕ್ತಿ ಇಮ್ಮಡಿಯಾದರೆ ಆ ನೀರು ಸಾಗಿಸಬೇಕಾದ ಶಾಖವೂ ಇಮ್ಮಡಿಯಾಗುತ್ತದೆ, ಆದರೆ ಕಾರಿನ ಮೂತಿಯಲ್ಲಿ ರೇಡಿಯೇಟರಿಗಿರುವ ಜಾಗ ಹಿಗ್ಗುವುದಿಲ್ಲ.

ಇಷ್ಟೆಲ್ಲ ತೊಡಕುಗಳಿದ್ದೂ ಕಸಿ ಅದ್ಭುತವಾಗಿ ಫಲಿಸಿದ ನಿದರ್ಶನಗಳು ಇತಿಹಾಸದಲ್ಲಿವೆ, ಮತ್ತು ಅವುಗಳಲ್ಲಿ ಹೆಸರಾದದ್ದು ಕೋಬ್ರಾ. ಇಂಗ್ಲೆಂಡಿನ ಎ.ಸಿ. ಕಾರ್ಸ್ ಎಂಬ ಸಣ್ಣ ಕಂಪನಿಯು 1953ರಿಂದ ತಯಾರಿಸುತ್ತಿದ್ದ ‘ಏಸ್’ ಎಂಬ ಹಗುರವಾದ ತೆರೆದ ಕಾರಿಗೆ ಮೊದಲು ಕಂಪನಿಯದೇ ಆದ, 1919ರ ಕಾಲದ ವಿನ್ಯಾಸದ ಎಂಜಿನ್ ಇತ್ತು. ಮುಂದೆ ಬ್ರಿಸ್ಟಲ್ ಕಂಪನಿಯ ಎರಡು ಲೀಟರಿನ, ಆರು ಸಿಲಿಂಡರಿನ ಎಂಜಿನ್ ಅದಕ್ಕೆ ಒದಗಿತಾದರೂ, 1961ರ ಹೊತ್ತಿಗೆ ಬ್ರಿಸ್ಟಲ್ ಅದರ ತಯಾರಿಕೆಯನ್ನು ನಿಲ್ಲಿಸಿದ್ದರಿಂದ ಏಸ್ ಮತ್ತೆ ಎಂಜಿನ್ನಿಗಾಗಿ ತಡಕಾಡುವ ಸ್ಥಿತಿಗೆ ಬಂದಿತು. ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಆ ವರ್ಷ ಎ.ಸಿ. ಕಂಪನಿಗೆ ಪತ್ರ ಬರೆದು, ಈ ಕಾರಿನಲ್ಲಿ ಅಮೆರಿಕದ ವಿ-8 ಎಂಜಿನನ್ನು ಕೂರಿಸುವ ಪ್ರಸ್ತಾವವಿಟ್ಟರು. ವಿ-8 ಎಂದರೆ ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳು ‘ವಿ’ ಆಕಾರದಲ್ಲಿ ಜೋಡಣೆಗೊಂಡಿರುವ ಎಂಜಿನ್. ಫೋರ್ಡ್ ಕಂಪನಿ ಅದೇ ಆಗ ತೆಳುಗೋಡೆಯ ಎರಕದ ವಿಧಾನದಿಂದ ಇಂಥದೊಂದನ್ನು ಹಗುರವಾಗಿ ರೂಪಿಸಿತ್ತು. 260 ಘನ ಇಂಚಿನ, ಅಂದರೆ ಸುಮಾರು 4.2 ಲೀಟರಿನ ಆ ಎಂಜಿನ್ ಗಾತ್ರದಲ್ಲಿ ಬ್ರಿಸ್ಟಲ್ಲಿನ ಎರಡರಷ್ಟಿದ್ದರೂ ತೂಕದಲ್ಲಿ ಅದಕ್ಕಿಂತ ಬಹಳವೇನೂ ಹೆಚ್ಚಿರಲಿಲ್ಲ. ಕೋಬ್ರಾದ ಯಶಸ್ಸಿನ ಬೀಜ ಇರುವುದು ಈ ತೂಕದ ಲೆಕ್ಕದಲ್ಲಿ. ಮೂತಿಯ ಭಾರ ಹೆಚ್ಚದಿದ್ದರೆ ಕಾರಿನ ಸಮತೋಲ ಕೆಡುವುದಿಲ್ಲ, ತಿರುವಿನಲ್ಲಿ ಅದು ಹೊರಕ್ಕೆ ಜಾರಲು ಹವಣಿಸುವುದಿಲ್ಲ.

1962ರ ಫೆಬ್ರವರಿಯಲ್ಲಿ ಎಂಜಿನ್ ಇಲ್ಲದ ಮೊದಲ ಕಾರು ವಿಮಾನದಲ್ಲಿ ಲಾಸ್ ಏಂಜಲೀಸನ್ನು ತಲುಪಿತು, ಮತ್ತು ಕೆಲವೇ ಗಂಟೆಗಳಲ್ಲಿ ಫೋರ್ಡ್ ಎಂಜಿನ್ ಅದರಲ್ಲಿ ಕೂತಿತು. ಈ ಕೆಲವು ಗಂಟೆಗಳ ಕಥೆ ಬಹಳ ಪ್ರಸಿದ್ಧವಾಗಿದ್ದು, ಕಸಿಯೆಂದರೆ ಒಂದು ಸಂಜೆಯ ಕೆಲಸ ಎಂಬ ಭ್ರಮೆಯನ್ನು ಹಲವರಲ್ಲಿ ಬಿತ್ತಿದೆ. ಆದರೆ ಎಂಜಿನ್ ಬರುವ ಮುನ್ನವೂ ಬಂದ ನಂತರವೂ ಆ ಕಾರಿನಲ್ಲಿ ಆದ ಬದಲಾವಣೆಗಳ ಪಟ್ಟಿ ಅಷ್ಟು ಪ್ರಸಿದ್ಧವಾಗಿಲ್ಲ. ಚಾಸಿಯ, ಅಂದರೆ ಕಾರಿನ ಬೆನ್ನೆಲುಬಿನಂತಿರುವ ಚೌಕಟ್ಟಿನ, ಕೊಳವೆಗಳ ಗೋಡೆಯನ್ನು ದಪ್ಪಗೊಳಿಸಲಾಯಿತು, ಹಿಂದಿನ ಡಿಫರೆನ್ಶಿಯಲ್ಲನ್ನು ತೆಗೆದು ಜಾಗ್ವಾರ್ ಇ-ಟೈಪ್ ಬಳಸುತ್ತಿದ್ದ ಬಲವಾದ ಸ್ಯಾಲಿಸ್‌ಬರಿ ಮಾದರಿಯನ್ನು ಹಾಕಲಾಯಿತು, ಬ್ರೇಕುಗಳನ್ನು ಬದಲಿಸಲಾಯಿತು, ಸ್ವಲ್ಪ ಕಾಲದಲ್ಲೇ ಸ್ಟಿಯರಿಂಗ್ ವ್ಯವಸ್ಥೆಯೂ ಹೊಸದಾಯಿತು. ಆ ಮೇಲೆ ಏಳು ಲೀಟರಿನ ಎಂಜಿನನ್ನು ಇದೇ ಕಾರಿನಲ್ಲಿ ಕೂರಿಸುವ ಆಸೆ ಹುಟ್ಟಿದಾಗ, ಹಳೆಯ ಪಟ್ಟಿ ಸ್ಪ್ರಿಂಗುಗಳ ಚೌಕಟ್ಟಿನಲ್ಲಿ 1964ರಲ್ಲಿ ಅದನ್ನು ಪ್ರಯೋಗಿಸಿ ನೋಡಿ, ಆ ಒಡಲಿಗೆ ಇದು ಒಗ್ಗದೆಂದು ಕಂಡುಕೊಂಡ ಮೇಲೆ, ಮೂರು ಇಂಚಿನ ಕೊಳವೆಗಳ ಬದಲು ನಾಲ್ಕು ಇಂಚಿನ ಕೊಳವೆಗಳೂ ಸುರುಳಿ ಸ್ಪ್ರಿಂಗುಗಳೂ ಇದ್ದ ಹೊಸ ಚಾಸಿಯನ್ನೇ 1965ರಲ್ಲಿ ಕಟ್ಟಬೇಕಾಯಿತು. ರೇಸಿನ ಅಂಗಳದಲ್ಲಿ ಮುಳುಗಿದ್ದ, ಫೋರ್ಡ್‌ನಂಥ ಕಂಪನಿಯ ಬೆಂಬಲವೂ ಇದ್ದ ತಜ್ಞರ ತಂಡವೇ ಒಂದು ಹಂತದಲ್ಲಿ ಬೇರುಗಿಡವನ್ನು ಬದಲಿಸಲೇಬೇಕಾಯಿತು ಎಂಬುದನ್ನು ಈ ವಿದ್ಯೆಯಲ್ಲಿ ಆಸಕ್ತಿಯಿರುವ ಪ್ರತಿಯೊಬ್ಬರೂ ಗಮನಿಸಬೇಕು.

ಅದೇ ಫೋರ್ಡ್ ಎಂಜಿನ್ನಿನ ಇನ್ನೊಂದು ಕುಡಿ ಸನ್‌ಬೀಮ್ ಟೈಗರ್. ಬ್ರಿಟನ್ನಿನ ರೂಟ್ಸ್ ಕಂಪನಿಯ ‘ಆಲ್ಪೈನ್’ ನೋಡಲು ಚೆಂದವಾದ, ಓಡಲು ಸೌಮ್ಯವಾದ ನಾಲ್ಕು ಸಿಲಿಂಡರಿನ ಕಾರು. ಅದಕ್ಕೆ 260 ಘನ ಇಂಚಿನ ವಿ-8 ಕೂರಿಸಿದಾಗ ಶಕ್ತಿ ಸುಮಾರು ಇಮ್ಮಡಿಯಾಗಿ 164 ಅಶ್ವಶಕ್ತಿಗೆ ಏರಿತು, ಮತ್ತು 1964ರಲ್ಲಿ ಟೈಗರ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಈ ಕಾರು ಏಳು ಸಾವಿರದಷ್ಟು ಸಂಖ್ಯೆಯಲ್ಲಿ ತಯಾರಾಯಿತು. ಆದರೆ ಆಲ್ಪೈನಿನ ಎಂಜಿನ್ ಕೋಣೆ ಇಷ್ಟು ಅಗಲದ ಅತಿಥಿಯನ್ನು ಕನಸಿನಲ್ಲಿಯೂ ನಿರೀಕ್ಷಿಸಿದ್ದಲ್ಲ. ಹಳೆಯ ಸ್ಟಿಯರಿಂಗ್ ಪೆಟ್ಟಿಗೆ ಅಡ್ಡ ಬಂದುದರಿಂದ ಬೇರೆ ಬಗೆಯದನ್ನು ಹೊಂದಿಸಬೇಕಾಯಿತು. ಜೋಡಣೆಯ ಹೊಣೆ ಹೊತ್ತಿದ್ದ ಜೆನ್ಸನ್ ಕಾರ್ಖಾನೆಯಲ್ಲಿ, ಬಣ್ಣ ಬಳಿದು ಬಂದಿದ್ದ ಹೊಸ ಒಡಲಿನ ಒಳಗೋಡೆಯನ್ನು ಕೆಲಸಗಾರರು ಸುತ್ತಿಗೆಯಿಂದ ಬಡಿದು ತಗ್ಗಿಸಿ ಎಂಜಿನ್ನಿಗೆ ಜಾಗ ಮಾಡಿಕೊಡುತ್ತಿದ್ದರು. ಹಿಂಬದಿಯ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಎಂಜಿನ್ ಕೋಣೆಯ ಕಡೆಯಿಂದ ಕೈ ಹೋಗದ ಕಾರಣ, ಚಾಲಕನಿರುವ ಕೋಣೆಯ ಕಡೆಯಿಂದ ಗೋಡೆಯಲ್ಲೊಂದು ಕಿಂಡಿ ಕೊರೆದಿಡಲಾಗಿತ್ತು. ಬಿಸಿ ಏರುವ ಕಾಯಿಲೆ ಅದನ್ನು ಕೊನೆಯವರೆಗೂ ಬಿಡಲಿಲ್ಲ. ರೂಟ್ಸ್ ಕಂಪನಿ ಕ್ರೈಸ್ಲರ್ ಒಡೆತನಕ್ಕೆ ಹೋದ ಮೇಲೆ, ಪ್ರತಿಸ್ಪರ್ಧಿ ಫೋರ್ಡ್‌ನ ಎಂಜಿನ್ನಿನ ಬದಲು ತನ್ನದೇ ವಿ-8 ಹಾಕಲು ಕ್ರೈಸ್ಲರ್ ಯೋಚಿಸಿತಾದರೂ, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರ್ ಆ ಎಂಜಿನ್ನಿನಲ್ಲಿ ಹಿಂದುಗಡೆ ಇದ್ದುದರಿಂದ ಅದು ಅಲ್ಲಿ ಕೂರದೆ ಹೋಯಿತು, ಮತ್ತು 1967ರಲ್ಲಿ ಟೈಗರ್‌ನ ಕಥೆ ಮುಗಿಯಿತು. ಕೈಯಗಲದ ಒಂದು ಭಾಗ ತಪ್ಪು ಬದಿಯಲ್ಲಿ ಇದ್ದುದಕ್ಕೆ ಇಡೀ ಕಾರು ಬಲಿಯಾದದ್ದು ಕಸಿಯ ಕೆಲಸದ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ.

ಸುತ್ತಿಗೆಯ ಏಟು ಬೇಡದ ಕಸಿಗಳೂ ಇವೆ. ಅವು ಒಂದೇ ಮನೆತನದೊಳಗೆ ನಡೆಯುವಂಥವು. ಅಮೆರಿಕದ ಪಾಂಟಿಯಾಕ್ ಕಂಪನಿಯಲ್ಲಿ 326 ಮತ್ತು 389 ಘನ ಇಂಚಿನ ಎಂಜಿನ್ನುಗಳ ಹೊರ ಅಳತೆ ಒಂದೇ ಆಗಿದ್ದುದರಿಂದ, ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನಲ್ಲಿ ದೊಡ್ಡದನ್ನು ಕೂರಿಸುವುದು ಕಷ್ಟವಾಗಲಿಲ್ಲ, ಮತ್ತು 1964ರ ಜಿ.ಟಿ.ಓ. ಹುಟ್ಟಿದ್ದು ಹೀಗೆ. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು. ಅದರಲ್ಲಿಯೂ ಕೊರತೆಯೊಂದು ಉಳಿದಿತ್ತು: 325 ಅಶ್ವಶಕ್ತಿಯ ಈ ಕಾರಿನ ನಾಲ್ಕೂ ಚಕ್ರಗಳಲ್ಲಿದ್ದದ್ದು ಸಾಧಾರಣ ಡ್ರಮ್ ಬ್ರೇಕುಗಳು. ಭಾರತದಲ್ಲಿ ಇದಕ್ಕೆ ಸಮನಾದ ನಿದರ್ಶನ ಮಾರುತಿ ಜಿಪ್ಸಿ. 1985ರಲ್ಲಿ 970 ಘನ ಸೆಂಟಿಮೀಟರಿನ ಎಂಜಿನ್ನಿನೊಂದಿಗೆ ಬಂದ ಜಿಪ್ಸಿಗೆ 1996ರಲ್ಲಿ ಕಂಪನಿಯೇ ಎಸ್ಟೀಮ್ ಕಾರಿನ ಕುಟುಂಬದ 1298 ಘನ ಸೆಂಟಿಮೀಟರಿನ ಎಂಜಿನನ್ನು ಹಾಕಿ ‘ಜಿಪ್ಸಿ ಕಿಂಗ್’ ಎಂದು ಕರೆಯಿತು. ಒಂದೇ ತಯಾರಕರ, ಒಂದೇ ತಲೆಮಾರಿನ ಎಂಜಿನ್ನುಗಳು ಇಂಥ ಬದಲಾವಣೆಗೆ ಒಪ್ಪುವುದು ಸಹಜ. ಮಾವಿನ ಬೇರುಗಿಡಕ್ಕೆ ಮಾವಿನ ಕುಡಿಯೇ ಒಗ್ಗುತ್ತದೆ, ಹಲಸಿನದಲ್ಲ.

ಈಚಿನ ಕಾರುಗಳಲ್ಲಿ ಈ ಬಂಧುತ್ವ ಲೋಹದ ಅಳತೆಗಳನ್ನು ದಾಟಿ ವಿದ್ಯುನ್ಮಾನಕ್ಕೂ ಹಬ್ಬಿದೆ. ಎಂಜಿನ್, ಬ್ರೇಕ್, ಸ್ಟಿಯರಿಂಗ್, ಬೀಗದ ಕೈ ಇವೆಲ್ಲವುಗಳ ಗಣಕ ಘಟಕಗಳು ಒಂದೇ ತಂತಿಜಾಲದ ಮೇಲೆ ಪರಸ್ಪರ ಸಂದೇಶ ಕಳಿಸುತ್ತಿರುತ್ತವೆ. ಪರಕೀಯ ಎಂಜಿನ್ನಿನ ಭಾಷೆ ಉಳಿದವಕ್ಕೆ ಅರ್ಥವಾಗದಿದ್ದರೆ ಕಾರು ಚಾಲೂ ಆಗದಿರಬಹುದು, ಚಾಲೂ ಆದರೂ ಜಾರುವಿಕೆಯನ್ನು ತಡೆಯುವ ವ್ಯವಸ್ಥೆ ಕೈಕೊಡಬಹುದು. ಯಾಂತ್ರಿಕ ತೊಡಕನ್ನು ಅನುಭವಿ ಮೆಕ್ಯಾನಿಕ್ ಕಣ್ಣಿನಿಂದ ಕಂಡು ಕೈಯಿಂದ ಸರಿಪಡಿಸಬಲ್ಲ, ಇದು ಹಾಗಲ್ಲ.

ಭಾರತದ ರಸ್ತೆಗಳ ಮಟ್ಟಿಗೆ ಕಾನೂನಿನ ಮಾತು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಕೆಟ್ಟುಹೋದ ಎಂಜಿನ್ನಿನ ಬದಲು ಅದೇ ತಯಾರಿಕೆಯ ಅದೇ ಬಗೆಯದನ್ನು ಹಾಕಲೂ ಅನಿಲದಂಥ ಬೇರೆ ಇಂಧನಕ್ಕೆ ಹೊಂದಿಸಲೂ ನಿಯಮದೊಳಗೆ ದಾರಿಯಿದೆ, ಆದರೆ ಹೆಚ್ಚು ಶಕ್ತಿಯ ಬೇರೊಂದನ್ನು ಕೂರಿಸಿ ರಸ್ತೆಗೆ ಇಳಿಸಲು ಇಲ್ಲ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ವಿವರಗಳು ತಾಳೆಯಾಗದ ವಾಹನ ಅಪಘಾತಕ್ಕೆ ಸಿಲುಕಿದಾಗ ವಿಮೆಯ ಪರಿಹಾರವೂ ತಕರಾರಿಗೆ ಸಿಲುಕುತ್ತದೆ; ಅಂಥ ಹೊತ್ತಿನಲ್ಲಿ ನಷ್ಟ ಅನುಭವಿಸುವವರು ಕಾರಿನ ಒಡೆಯರು ಮಾತ್ರವಲ್ಲದೆ ದಾರಿಹೋಕರೂ ಆಗಿರಬಹುದು ಎಂಬ ಕಾರಣಕ್ಕೆ ಈ ಕಟ್ಟುನಿಟ್ಟು ನ್ಯಾಯವಾದದ್ದು. ಸಾರ್ವಜನಿಕ ರಸ್ತೆಗೆ ಬಾರದೆ ರೇಸಿನ ಅಂಗಳದಲ್ಲಷ್ಟೇ ಓಡುವ ಕಾರಿನ ಮಾತು ಬೇರೆ.

ತಯಾರಕರೇ ಕೈಗೊಂಡ, ರಸ್ತೆಗೂ ಕಾನೂನಿಗೂ ಒಪ್ಪಿತವಾದ ಭಾರತದ ಕಸಿಗಳಲ್ಲಿ ವಿಶೇಷವಾಗಿ ನೆನೆಯಬೇಕಾದದ್ದು ಕಾಂಟೆಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 1972ರಲ್ಲಿ ಹೊರತಂದ ವಿಕ್ಟರ್ ಕಾರಿನ ಒಡಲನ್ನು ಹಿಂದೂಸ್ತಾನ್ ಮೋಟಾರ್ಸ್ ಪಡೆದುಕೊಂಡು, 1980ರ ದಶಕದಲ್ಲಿ ಕಾಂಟೆಸಾ ಎಂಬ ಹೆಸರಿನಿಂದ ತಯಾರಿಸತೊಡಗಿದಾಗ, ಅದರೊಳಗೆ ಕೂತಿದ್ದದ್ದು ಅಂಬಾಸಿಡರಿನ 1489 ಘನ ಸೆಂಟಿಮೀಟರಿನ, ಸುಮಾರು 50 ಅಶ್ವಶಕ್ತಿಯ ಹಳೆಯ ಎಂಜಿನ್. ಅಗಲವಾದ ಆಸನಗಳ, ನೀಳವಾದ ಮೂತಿಯ ಆ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಘನ ಸೆಂಟಿಮೀಟರಿನ, 88 ಅಶ್ವಶಕ್ತಿಯ ಎಂಜಿನ್ ಐದು ಗೇರುಗಳ ಪೆಟ್ಟಿಗೆಯೊಂದಿಗೆ ಬಂದಾಗ ಜನ ಅದನ್ನು ಸಣ್ಣ ಕಾರಿಗೆ ಒದಗಿದ ದೊಡ್ಡ ಎಂಜಿನ್ ಎಂಬಂತೆ ಬೆರಗಿನಿಂದ ಕಂಡರು. ವಾಸ್ತವದಲ್ಲಿ ಆ ಒಡಲನ್ನು ಇಂಗ್ಲೆಂಡಿನಲ್ಲಿ ರೂಪಿಸಿದವರು ಅದಕ್ಕೆ ಕೊಟ್ಟಿದ್ದದ್ದೇ 1759 ಮತ್ತು 2279 ಘನ ಸೆಂಟಿಮೀಟರಿನ ಎಂಜಿನ್ನುಗಳನ್ನು. ಇಸುಜು ಬಂದು ತುಂಬಿದ್ದು ಮೊದಲಿನಿಂದಲೂ ಆ ಗಾತ್ರದ ಎಂಜಿನ್ನಿಗೆಂದೇ ಅಳೆದಿಟ್ಟಿದ್ದ ಜಾಗವನ್ನು.