ಸವಳು ನೆಲದಲ್ಲಿ ಒಂದು ತೊಟ್ಟಿ ಕಡಲು

ಏಪ್ರಿಲ್ ಬಂತೆಂದರೆ ಉಗಾರದ ಕಡೆ, ಕೃಷ್ಣೆಯ ದಂಡೆಗಿರುವ ನಮ್ಮ ಕಾಕಾನ ಹೊಲದ ತಗ್ಗಿನ ಮೂಲೆ ಬೆಳ್ಳಗಾಗುತ್ತದೆ. ದೂರದಿಂದ ನೋಡಿದರೆ ಯಾರೋ ಸುಣ್ಣ ಚೆಲ್ಲಿ ಹೋದಂತೆ. ಬಗ್ಗಿ ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಎದ್ದು ಪುಡಿಯಾಗುತ್ತದೆ; ನಾಲಿಗೆಗೆ ಹಚ್ಚಿದರೆ ಉಪ್ಪು, ಅದರ ಹಿಂದೆಯೇ ಸಣ್ಣ ಕಹಿ. ಆ ಮೂಲೆಯಲ್ಲಿ ಕಬ್ಬು ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಗುತ್ತದೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ನದಿ-ಕಾಲುವೆಯ ನೀರು ಕಂಡ ರೈತರಿಗೆ, ಉಪ್ಪೇರಿ ನೀರು ನಿಂತ ನೆಲಕ್ಕೆ ಹೇಳುವ ಸವಳು-ಜವಳು ಎಂಬ ಜೋಡಿಪದ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಹೊಲದಿಂದ ಬಂದ ಕಾಕಾ, ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಉಪ್ಪಿನ ಚೀಲ ಬಿಚ್ಚುತ್ತಿದ್ದುದನ್ನು ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಬಾಗಿಲಲ್ಲೇ ನಿಂತು ಕೇಳಿದರು: "ಏನೋ ತಮ್ಮಾ, ಹೊಲದಾಗಿನ ಉಪ್ಪು ಹೆಂಗ ತಗೀಬೇಕಂತ ನಾವು ಗುದ್ದಾಡಾಕತ್ತೇವಿ. ನೀ ರೊಕ್ಕಾ ಕೊಟ್ಟು ತಂದು ನೀರಾಗ ಹಾಕಾಕತ್ತೀಯಲ್ಲೋ!"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಮಾಲವಣದ ನೆನಪಷ್ಟೇ ಇತ್ತು. ನಿಪ್ಪಾಣಿಯಿಂದ ದೇವಗಡದ ರಸ್ತೆ ಹಿಡಿದು, ರಾಧಾನಗರಿ ದಾಟಿ, ಫೋಂಡಾ ಘಾಟ್ ಇಳಿದು ಹೋದ ಒಂದು ಚಳಿಗಾಲ ಸಿಂಧುದುರ್ಗ ಕೋಟೆಯ ಹತ್ತಿರ ಮುಖಕ್ಕೆ ಗಾಜು ಕಟ್ಟಿಕೊಂಡು ನೀರಿಗೆ ತಲೆ ಇಟ್ಟಿದ್ದೆ. ಬಂಡೆಯೆಂದು ತಿಳಿದದ್ದು ಬಂಡೆಯಾಗಿರಲಿಲ್ಲ. ಅದು ಹವಳ, ಅದರ ಮೈತುಂಬ ಜೀವ ಇತ್ತು. ಮನೆಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ಅದೇ ಹಸಿರು ಬೆಳಕು.

ನಮ್ಮ ಸೀಮೆಯ ನೀರಿಗೆ ಕಡಲಿನ ಜೊತೆ ವಿಚಿತ್ರ ಸಂಬಂಧ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುವ ಜಾಗದಿಂದ ಅರಬ್ಬೀ ಸಮುದ್ರ ಹತ್ತಿರ ಹತ್ತಿರ 64 ಕಿಲೋಮೀಟರು. ಆದರೆ ಆಕೆ ಆ ಕಡಲಿಗೆ ಬೆನ್ನು ಹಾಕಿ ಹೊರಟು, ದೂಧಗಂಗಾ, ವೇದಗಂಗಾಗಳ ನೀರನ್ನೂ ಕೂಡಿಸಿಕೊಂಡು, ಸುಮಾರು 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಘಟ್ಟದ ಆಚೆಯೇ ಇರುವ ಕಡಲು ನಮ್ಮ ಪಾಲಿಗೆ ದೂರವೇ ಉಳಿಯಿತು. ಅದಕ್ಕೇ ಹವಳ, ಮೀನು ಸಾಕುವ ಗಾಜಿನ ತೊಟ್ಟಿಯೊಂದರಲ್ಲಿ ಅದನ್ನು ಮನೆಗೆ ತರಲು ಹೊರಟಿದ್ದೆ.

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ನನ್ನ ತೊಟ್ಟಿಯ ಅಳತೆ ಇಷ್ಟೇ. ತುಂಬಿಸಿದರೆ 127 ಲೀಟರು, ಕಲ್ಲು ಮರಳು ಹೋಗಿ 115. ಇನ್ನೂ ಸಣ್ಣದರಲ್ಲಿ ಶುರು ಮಾಡಬೇಕೆಂದಿದ್ದೆ, ತಪ್ಪುತ್ತಿದ್ದೆ. ಕಡಿಮೆ ನೀರಿಗೆ ತಾಳುವ ಶಕ್ತಿ ಕಡಿಮೆ. ಬಿಸಿಲು ಏರಿದರೆ ಅದೂ ಏರುತ್ತದೆ, ಒಂದು ಹುಳು ಸತ್ತರೆ ನೀರೆಲ್ಲ ಕೆಡುತ್ತದೆ. ಕಬ್ಬಿಣದ ಸ್ಟ್ಯಾಂಡನ್ನು ರಾಯಬಾಗದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ವೆಲ್ಡಿಂಗ್ ಮಾಡುವ ಹುಡುಗನಿಗೆ ಮೇಲೆ ಕೂರುವ ಭಾರ ಒಂದೂವರೆ ಕ್ವಿಂಟಲ್ ಮೀರುತ್ತದೆ ಎಂದಾಗ, ಆತ ಒಂದು ಮಾತೂ ಆಡದೆ ಇನ್ನೆರಡು ಅಡ್ಡಪಟ್ಟಿ ಇಟ್ಟು ಬೆಸೆದ.

ನೀರಿನದು ದೊಡ್ಡ ಕತೆ. ನಮ್ಮ ಬೋರಿನ ನೀರನ್ನು ಹಂಡೆಯಲ್ಲಿ ಕಾಸಿದರೆ ಒಳಮೈಗೆ ಬಿಳಿ ಚಕ್ಕೆ ಕಟ್ಟುತ್ತದೆ. ಆ ನೀರು ಹವಳಕ್ಕೆ ಬೇಡ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತಿದ್ದ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋದೆ. ಕುಡಿಯುವುದಕ್ಕೆ ಒಳ್ಳೆಯ ನೀರೇ. ಆದರೂ ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರು ಅದ್ದಿದರೆ 70ರ ಹತ್ತಿರ ತೋರಿಸಿತು. ಮನೆಗೆ ತಂದು ರಾಳದ ಹರಳು ತುಂಬಿದ ಕೊಳವೆಯಲ್ಲಿ ಇಳಿಸಿದ ಮೇಲೆ ಸೊನ್ನೆ. ಏನೂ ಇಲ್ಲದ ನೀರು ಮೊದಲು ಆಗಬೇಕು. ಕಡಲನ್ನು ಅದರಲ್ಲಿ ನಾವು ತೂಗಿ ಹಾಕಬೇಕು.

ತೂಗಿ ಹಾಕುವ ಉಪ್ಪು ಅಡುಗೆಮನೆಯ ಉಪ್ಪಲ್ಲ. ಕಡಲಿನ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಗೊತ್ತಾದ ಪ್ರಮಾಣದಲ್ಲಿ ಕೂಡಿರುತ್ತವೆ. ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಕಲ್ಲುಹವಳ ತನ್ನ ಮೈಯ ಸುಣ್ಣ ಕಟ್ಟಿಕೊಳ್ಳುತ್ತದೆ. ಅದೇ ಲೆಕ್ಕದಲ್ಲಿ ಬೆರೆಸಿದ ಉಪ್ಪು ಚೀಲದಲ್ಲಿ ಬರುತ್ತದೆ. ಲೀಟರಿಗೆ 38 ಗ್ರಾಂ ಹಿಡಿದು ನಾಲ್ಕು ಕಿಲೋ ಮೇಲೆ ಬೇಕಾಯಿತು. ನೀಲಿ ಬ್ಯಾರೆಲ್ಲಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು, ಒಳಗೆ ಒಂದು ಸಣ್ಣ ಪಂಪು. ಮೊದಲು ಹಾಲಿನ ಹಾಗೆ ಕದಡಿ, ರಾತ್ರಿ ಕಳೆದು ಬೆಳಗಾದರೆ ತಿಳಿ. ಆ ಬೆಳಗ್ಗೆ ಪಡಸಾಲೆಗೆ ಕಡಲಿನ ವಾಸನೆ ಬಂದಿತ್ತು. ಅವ್ವ ದೇವರ ಮುಂದೆ ದೀಪ ಹಚ್ಚಿ ಬಂದವಳು ಒಂದು ಕ್ಷಣ ನಿಂತು ಮೂಸಿದಳು. "ಗೋಕರ್ಣಕ್ಕ ಹೋದಂಗಾತು" ಅಂದಳು. ಅದಕ್ಕಿಂತ ಹೆಚ್ಚಿನ ಸಂತೋಷ ಆಮೇಲೂ ನನಗೆ ಆಗಿಲ್ಲ.

ಕಲ್ಲಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಬೇಕು. ನಮ್ಮ ಕಡಲುಗಳ ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ಮಾಲವಣವಾಗಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿ ಗುಡ್ಡವಾಗಲಿ, ಅಲ್ಲಿಂದ ಒಂದು ತುಂಡು ಮುರಿದು ತರುವುದು ಅಪರಾಧ. ತರಬಾರದೆಂದು ಕಾಯ್ದೆ ಹೇಳುವ ಮುಂಚೆ ನಮಗೇ ಅನ್ನಿಸಬೇಕು: ಮುಷ್ಟಿಯಷ್ಟು ಕಟ್ಟಿಕೊಳ್ಳಲು ಎಷ್ಟೋ ವರ್ಷ ತೆಗೆದುಕೊಂಡ ಜೀವ ಅದು. ಹಾಗಾಗಿ ನನ್ನ ತೊಟ್ಟಿಯಲ್ಲಿ ಇರುವುದು ಮನುಷ್ಯರು ಮಾಡಿದ, ಮೈಯೆಲ್ಲ ತೂತಾದ ಕಲ್ಲು. ಮೀನೂ ಅಷ್ಟೆ, ಸಾಕಣೆಯಲ್ಲಿ ಹುಟ್ಟಿದ್ದೇ ಬೇಕೆಂದು ಹಟ ಹಿಡಿದೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ಸಿದ್ಧಿಸಿದೆ. ಕಡಲನ್ನು ಬರಿದು ಮಾಡಬೇಕಾಗಿಲ್ಲ.

ನೀರು ತುಂಬಿತು, ಕಲ್ಲು ಕೂತಿತು, ಪಂಪು ತಿರುಗಿತು. ಆಮೇಲೆ ಕಾಯುವುದು.

ಆರು ವಾರ ಕಾದೆ. ನೋಡಲು ಬಂದವರೆಲ್ಲ "ಮೀನ ಎಲ್ಲೆವ?" ಎಂದು ಕೇಳಿ ಹೋದರು. ನಾನು ದಿನಾ ಸಂಜೆ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುತ್ತಿದ್ದೆ. ಕೊಳೆತದ್ದು ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಸೂಕ್ಷ್ಮಜೀವಿ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಕಣ್ಣಿಗೆ ಕಾಣದ ಆ ಒಕ್ಕಲು ಕಲ್ಲಿನ ತೂತುಗಳಲ್ಲಿ ಮನೆ ಮಾಡುವ ತನಕ ಮೀನು ತರುವಂತಿಲ್ಲ. ಇದನ್ನು ಕಾಕಾಗೆ ತಿಳಿಸಲು ನನಗೆ ಎರಡೇ ಮಾತು ಸಾಕಾಯಿತು. ಕಬ್ಬಿಗೆ ಯೂರಿಯಾ ಹಾಕಿದ ಮೇಲೆ ನೆಲದೊಳಗೆ ಆಗುವುದೂ ಇದೇ ಕೆಲಸ, ಮಾಡುವುದೂ ಅದೇ ಬಗೆಯ ಜೀವಿಗಳು. "ಹಂಗಂದ್ರ ನೀ ಈಗ ಹೊಲಾ ಹದಾ ಮಾಡಾಕತ್ತಿ" ಅಂದರು ಕಾಕಾ. ಹೌದು, ಅದನ್ನೇ ಮಾಡುತ್ತಿದ್ದೆ.

ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧದ ಹನಿ ಹಾಕಿದರೆ ಮೊದಮೊದಲು ಬೇವಿನ ಎಲೆಯ ಹಸಿರು ಬರುತ್ತಿತ್ತು: ಅಮೋನಿಯಾ ಇದೆ. ದಿನ ಕಳೆದಂತೆ ಹಸಿರು ತೆಳ್ಳಗಾಯಿತು. ಒಂದು ಗುರುವಾರ ಕಿಟಕಿಯ ಬೆಳಕಿಗೆ ಹಿಡಿದಾಗ ಬರೀ ಹಳದಿ, ಹಸಿರಿನ ನೆರಳೂ ಇಲ್ಲ. ಅಷ್ಟರಲ್ಲಿ ಮರಳಿನ ಮೇಲೆ ಕಂದು ಬಣ್ಣದ ಪಾಚಿ ಹಾಸಿ, ನನ್ನನ್ನು ಹೆದರಿಸಿ, ತಾನಾಗಿ ಹಿಂದೆ ಸರಿದಿತ್ತು. ಪಾಚಿ ಮೇಯಲು ಐದು ಬಸವನಹುಳು ಬಂದವು.

ಅವುಗಳಲ್ಲಿ ಎರಡು ನನ್ನ ಕೈಯಾರೆ ಸತ್ತವು. ಬೇಸಿಗೆಯಲ್ಲಿ ತೊಟ್ಟಿಯನ್ನು 26 ಡಿಗ್ರಿಗೆ ಇಳಿಸಲು ನೀರಿನ ಮೇಲೆ ಸಣ್ಣ ಫ್ಯಾನು ಕಟ್ಟಿದ್ದೆ. ಅದು ದಿನಕ್ಕೆ ಎರಡು ಲೀಟರ್ ನೀರು ಆರಿಸುತ್ತಿತ್ತು. ಶುದ್ಧ ನೀರು ತೀರಿದ ಒಂದು ವಾರ, ಕಲಸಿಟ್ಟ ಉಪ್ಪುನೀರು ಇದೆಯಲ್ಲ ಎಂದು ಅದನ್ನೇ ಆರು ದಿನ ಸುರಿದೆ. ನೀರು ಆರಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು 38 ದಾಟಿತ್ತು. ಗಾಜಿನ ಅಂಚಿನಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದೆ. ಹಪ್ಪಳದ ಹಾಗೆ ಎದ್ದು ಪುಡಿಯಾಯಿತು.

ಕಾಕಾನ ಹೊಲದ ಮೂಲೆಯಲ್ಲಿ ಆದದ್ದು ಏನೆಂದು ನನಗೆ ತಿಳಿದದ್ದು ಆಗ, ನಲವತ್ತು ವರ್ಷ ಆ ಹೊಲ ನೋಡಿದ ಮೇಲೆ. ಕಬ್ಬಿಗೆ ನೀರು ಬಿಟ್ಟೇ ಬಿಟ್ಟೆವು. ಕರಿಮಣ್ಣು ಕೆಳಗೆ ಬಸಿಯಲು ಬಿಡಲಿಲ್ಲ, ಒಳಗಿನ ನೀರಿನ ಮಟ್ಟ ಮೇಲೆ ಬಂತು. ಮಣ್ಣಿನ ಸಂದಿಗಳಲ್ಲಿ ಬತ್ತಿ ಎಣ್ಣೆ ಎಳೆದಂತೆ ಮೇಲೇರಿದ ನೀರು ಬಿಸಿಲಿಗೆ ಆರಿತು, ತಂದ ಉಪ್ಪನ್ನು ನೆಲದ ಮೇಲೆ ಬಿಟ್ಟು ಹೋಯಿತು. ವರ್ಷ ವರ್ಷ ಹೀಗೇ. ಈಗ ಆ ಭಾಗದಲ್ಲಿ ನೆಲದಡಿ ತೂತಿನ ಪೈಪು ಹೂಳಿ ಉಪ್ಪುನೀರು ಬಸಿಯುವ ಕೆಲಸ ನಡೆದಿದೆ. ನಾನು ತೊಟ್ಟಿಯಿಂದ ವಾರಕ್ಕೆ ಹತ್ತು ಲೀಟರ್ ಹಳೆ ನೀರು ತೆಗೆದು ಹೊಸದು ಹಾಕುವುದೂ ಅದೇ ಉಪಾಯ. ಆ ಹಳೆ ನೀರನ್ನು ಗಿಡದ ಬುಡಕ್ಕೆ ಚೆಲ್ಲದೆ ಮೋರಿಗೆ ಬಿಡುತ್ತೇನೆ. ಉಪ್ಪು ನೆಲಕ್ಕೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹವಳ ಬಂದದ್ದು ಮುಂಬೈ ಬಸ್ಸಿನಲ್ಲಿ. ಬೆಳಗಿನ ಐದೂವರೆ, ನಿಪ್ಪಾಣಿಯ ಹೆದ್ದಾರಿಯ ಪಕ್ಕ. ಚಹಾದಂಗಡಿಯ ಸ್ಟೋವ್ ಆಗಷ್ಟೇ ಹೊತ್ತಿತ್ತು, ಗಾಳಿಯಲ್ಲಿ ತಂಬಾಕಿನ ಘಾಟು. ಬಸ್ಸಿನ ಡಿಕ್ಕಿಯಿಂದ ಕ್ಲೀನರ್ ಥರ್ಮಾಕೋಲ್ ಪೆಟ್ಟಿಗೆ ತೆಗೆದು ಎರಡೂ ಕೈಯಲ್ಲಿ ಕೊಟ್ಟ, ಮೇಲೆ "ಜೀವಂತ" ಎಂದು ಬರೆದಿದ್ದನ್ನು ನೋಡಿ, "ಆತ್ ಕಾಯ್ ಆಹೆ?" (ಒಳಗೇನಿದೆ?) ಎಂದು ಕೇಳಿದ. ಒಳಗೆ ಎರಡು ಕ್ಲೌನ್ ಮರಿ, ಮತ್ತೆ ಒಂದು ಬಿಲ್ಲೆಯ ಮೇಲೆ ಅಂಟಿಸಿದ ಬೆರಳುದ್ದದ ಝೀನಿಯಾ, ಮೆತ್ತನೆ ಹವಳದ ಜಾತಿ. ಯಾರದೋ ತೊಟ್ಟಿಯಲ್ಲಿ ಬೆಳೆದದ್ದನ್ನು ಕತ್ತರಿಸಿ ನೆಟ್ಟ ತುಂಡು. ಕಬ್ಬಿನ ಎರಡು ಕಣ್ಣಿನ ತುಂಡು ಊರಿದ ಹಾಗೆ ಹವಳವೂ ತುಂಡಿನಿಂದ ಚಿಗುರುತ್ತದೆ.

ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟು, ಆಮೇಲೆ ಸಲೈನ್ ಹನಿಸುವಂತೆ ಹನಿ ಹನಿಯಾಗಿ ತೊಟ್ಟಿಯ ನೀರು ಸೇರಿಸುತ್ತ ಒಂದು ಗಂಟೆ ಕೂತೆ. ಕಲ್ಲಿನ ಮೇಲೆ ಇಟ್ಟಾಗ ಝೀನಿಯಾ ಒದ್ದೆ ಬಟ್ಟೆಯ ಚೂರಿನಂತೆ ಮುದುಡಿತ್ತು. ಮೂರನೆಯ ದಿನ ಮಧ್ಯಾಹ್ನ ನೀಲಿ ದೀಪದ ಕೆಳಗೆ ಒಂದು ಕಾಂಡ ನೆಟ್ಟಗಾಯಿತು. ತುದಿಯಲ್ಲಿ ಎಂಟು ಬೆರಳು, ಬೆರಳಿನ ಎರಡೂ ಬದಿಗೆ ಹಕ್ಕಿಗರಿಯಂಥ ಎಳೆ. ಬೆರಳು ಕೂಡಿ ಮುಷ್ಟಿಯಾಯಿತು, ಬಿಚ್ಚಿತು. ಮತ್ತೆ ಮುಷ್ಟಿ, ಮತ್ತೆ ಬಿಚ್ಚಿತು. ತೊಟ್ಟಿಲಲ್ಲಿ ಮಲಗಿದ ಕೂಸಿನ ಕೈ. ಆ ಬೆರಳಿನ ಒಳಗೆ ಕಣ್ಣಿಗೆ ಕಾಣದ ಪಾಚಿ ಇದ್ದು, ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಉಣಿಸುತ್ತದೆ. ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿ ಅದನ್ನು ನೋಡುತ್ತ ನಾನು ಊಟ ಮರೆತೆ.

ಮುಂಗಾರಿನ ಮೊದಲ ಗಾಳಿಮಳೆಗೆ ಕರೆಂಟು ಹೋಯಿತು. ಬ್ಯಾಟರಿಯ ಗಾಳಿಪಂಪು ಮೂರು ಗಂಟೆಗೆ ನಿಂತಿತು. ಅಲುಗಾಟ ನಿಂತ ನೀರಿನಲ್ಲಿ ಉಸಿರು ತೀರುತ್ತದೆ. ನಾನು ತಂಬಿಗೆ ಹಿಡಿದು ತೊಟ್ಟಿಯ ನೀರನ್ನೇ ಎತ್ತಿ ಎತ್ತರದಿಂದ ಸುರಿಯತೊಡಗಿದೆ. ಕೈ ಸೋತಾಗ ಅವ್ವ ತೆಗೆದುಕೊಂಡಳು. ಆ ಹೊತ್ತಿನಲ್ಲಿ ನೆನಪಾದದ್ದು ಆನಾ ಥಿನ್. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಕಡಲಿನಿಂದ ಹವಳಗಳನ್ನು ಲಂಡನ್ ಮನೆಗೆ ತಂದ ಹೆಂಗಸು; ಪಂಪಿಲ್ಲದ ಕಾಲ, ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ನೀರು ಸುರಿಸುತ್ತಲೇ ಅವುಗಳನ್ನು ಉಳಿಸಿಕೊಂಡಳು. ಹೆಚ್ಚು ಸುರಿದವಳು ಆಕೆಯ ಮನೆಗೆಲಸದವಳು. ಬೆಳಗಿನ ಕೋಳಿ ಕೂಗುವ ಹೊತ್ತಿಗೆ ನಮ್ಮ ದೀಪ ಬಂತು. ಕ್ಲೌನ್ ಮರಿಗಳು ಮೂಲೆಯಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು.

ಕಳೆದ ಹಂಗಾಮಿನಲ್ಲಿ ಕಾಕಾ ಬಂದಾಗ ಅವರ ಜೇಬಿನಲ್ಲಿ ಬ್ರಿಕ್ಸ್ ನೋಡುವ ಕೊಳವೆ ಇತ್ತು. ಕಬ್ಬಿನ ರಸ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು, ಕಡಿಯಲು ಬಂದಿದೆಯೋ ಇಲ್ಲವೋ ನೋಡುವ ಸಾಧನ. ನನ್ನ ಉಪ್ಪು ಅಳೆಯುವ ಕೊಳವೆಯನ್ನು ಪಕ್ಕದಲ್ಲಿಟ್ಟೆ. ಎರಡೂ ಒಂದೇ ತಾಯಿಯ ಮಕ್ಕಳು. ಹನಿಯೊಳಗೆ ಬೆಳಕು ಎಷ್ಟು ಬಾಗಿತು ಎಂಬುದಷ್ಟೇ ಅವಕ್ಕೆ ಗೊತ್ತು, ಸಿಹಿಯೋ ಉಪ್ಪೋ ಗೊತ್ತಿಲ್ಲ. ಕಾಕಾ ತೊಟ್ಟಿಗೆ ಬೆರಳು ಅದ್ದಿ ಒಂದು ಹನಿ ತಮ್ಮ ಕೊಳವೆಯ ಗಾಜಿಗೆ ಬಿಟ್ಟು, ಮುಚ್ಚಳ ಒತ್ತಿ, ಬಾಗಿಲಿಗೆ ಹೋಗಿ ಬಿಸಿಲಿನ ಕಡೆ ಹಿಡಿದರು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ನಾಕರ ಮ್ಯಾಲ ಐತಿ" ಅಂದರು.

ಗಾಜನ್ನು ಟವೆಲಿನ ತುದಿಯಿಂದ ಒರೆಸಿ, ಕೊಳವೆಯನ್ನು ಜೇಬಿಗೆ ಹಾಕಿಕೊಂಡು, ತೊಟ್ಟಿಯ ಮುಂದೆ ಕುರ್ಚಿ ಎಳೆದು ಕೂತರು. ಝೀನಿಯಾ ಈಗ ಕಲ್ಲಿನ ಅರ್ಧಕ್ಕೆ ಹಬ್ಬಿತ್ತು, ಹತ್ತಿಪ್ಪತ್ತು ಮುಷ್ಟಿಗಳು ಬಿಚ್ಚಿ ಕೂಡುತ್ತಿದ್ದವು. ಅವ್ವ ಚಹಾ ತಂದಿಟ್ಟಳು. ಚಹಾ ಆರಿತು. ಕಾಕಾ ತಮ್ಮ ಕೈಯನ್ನು ಮೊಣಕಾಲ ಮೇಲಿಟ್ಟು, ತಮಗೇ ತಿಳಿಯದ ಹಾಗೆ, ಮೆಲ್ಲಗೆ ಮುಷ್ಟಿ ಮಾಡಿ ಬಿಚ್ಚುತ್ತಿದ್ದರು.