ಪರದೇಶೀಯರು ಭಾರತದ ಪೌರರಾಗುವ ಬಗೆ

ಒಂದು ದೇಶದಲ್ಲಿ ವಾಸಿಸುವುದು ಬೇರೆ, ಆ ದೇಶದ ಪೌರನೆನಿಸುವುದು ಬೇರೆ. ಪರದೇಶದಿಂದ ಬಂದವರು ನಮ್ಮ ನಡುವೆ ಹತ್ತಾರು ವರ್ಷ ಬಾಳಿ, ನಮ್ಮ ಸುಖದುಃಖಗಳಲ್ಲಿ ಪಾಲುಗೊಂಡಿದ್ದರೂ ಅವರಿಗೆ ಮತದಾನದ ಹಕ್ಕು ಇರುವುದಿಲ್ಲ. ವಾಸದ ಅನುಮತಿಯ ಅವಧಿ ಮುಗಿದರೆ ಇಲ್ಲಿ ನಿಲ್ಲುವ ಹಕ್ಕೂ ಇರುವುದಿಲ್ಲ. ಇಂಥವರನ್ನು ನಮ್ಮವರೆಂದು ಅಂಗೀಕರಿಸುವ ದಾರಿಯೊಂದು ಭಾರತದ ಕಾನೂನಿನಲ್ಲಿದೆ. ಅದರ ಸ್ವರೂಪವನ್ನು ಸ್ಥೂಲವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಪೌರತ್ವದ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 11ನೆಯ ಅನುಚ್ಛೇದವು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1955ರಲ್ಲಿ ಪೌರತ್ವ ಅಧಿನಿಯಮವು ರಚಿತವಾಯಿತು. ಜನನ, ವಂಶ, ನೋಂದಣಿ, ದೇಶೀಯೀಕರಣ, ಭೂಪ್ರದೇಶದ ಸೇರ್ಪಡೆ ಎಂದು ಪೌರತ್ವಕ್ಕೆ ಅದು ಐದು ಮಾರ್ಗಗಳನ್ನು ಹೇಳುತ್ತದೆ. ಇವುಗಳಲ್ಲಿ ನಾಲ್ಕನೆಯದೇ ನಮ್ಮ ಪ್ರಸ್ತುತ ವಿಷಯ. ಮೊದಲು ಇಲ್ಲದಿದ್ದ ಗುಣವು ಬಳಿಕ ಉಂಟಾಗುವುದನ್ನು ವೈಯಾಕರಣರು ಅಭೂತತದ್ಭಾವವೆನ್ನುತ್ತಾರೆ. ಶುದ್ಧವಲ್ಲದ್ದನ್ನು ಶುದ್ಧಮಾಡುವುದು ಶುದ್ಧೀಕರಣ. ಹಾಗೆಯೇ ದೇಶೀಯನಲ್ಲದವನನ್ನು ದೇಶೀಯನನ್ನಾಗಿ ಮಾಡಿಕೊಳ್ಳುವುದು ದೇಶೀಯೀಕರಣ.

ಇದಕ್ಕೆ ಬೇಕಾದ ಅರ್ಹತೆಗಳು ಅಧಿನಿಯಮದ ಮೂರನೆಯ ಅನುಸೂಚಿಯಲ್ಲಿವೆ. ಅರ್ಜಿದಾರನು ಪ್ರಾಪ್ತವಯಸ್ಕನಾಗಿರಬೇಕು, ಅಕ್ರಮವಾಗಿ ಬಂದವನಾಗಲಿ, ಅವಧಿ ಮೀರಿ ಉಳಿದವನಾಗಲಿ ಆಗಿರಬಾರದು. ಅವನ ದೇಶವು ಭಾರತೀಯರಿಗೆ ಇದೇ ಬಗೆಯ ಪೌರತ್ವವನ್ನು ನಿರಾಕರಿಸುವ ದೇಶವಾಗಿರಕೂಡದು. ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲಿ ಸತತವಾಗಿ ವಾಸಿಸಿರಬೇಕು; ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಕ್ಕೆ ಕಡಿಮೆಯಿಲ್ಲದಂತೆ ಇಲ್ಲಿದ್ದಿರಬೇಕು. ವಿಶೇಷ ಸಂದರ್ಭಗಳಲ್ಲಿ ಆ 12 ತಿಂಗಳಲ್ಲಿ ಗರಿಷ್ಠ 30 ದಿನಗಳ ವಿನಾಯಿತಿ ಕೊಡಲು 2015ರ ತಿದ್ದುಪಡಿಯು ಅವಕಾಶ ಮಾಡಿದೆ. ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರಸಿ, ಕ್ರೈಸ್ತರಿಗೆ 2019ರ ತಿದ್ದುಪಡಿಯು 11 ವರ್ಷವನ್ನು 5ಕ್ಕೆ ಇಳಿಸಿದೆ. ಇವಲ್ಲದೆ ಸಚ್ಚಾರಿತ್ರ್ಯವೂ, ಮುಂದೆಯೂ ಇಲ್ಲಿಯೇ ಬಾಳುವ ಅಥವಾ ಇಲ್ಲಿನ ಸೇವೆಯಲ್ಲಿರುವ ಸಂಕಲ್ಪವೂ ಬೇಕು.

ಇನ್ನೊಂದು ಅರ್ಹತೆಯು ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೊಂದು ಭಾಷೆಯಲ್ಲಿ ಅರ್ಜಿದಾರನಿಗೆ ಸಾಕಷ್ಟು ಜ್ಞಾನವಿರಬೇಕು. ಆ ಅನುಸೂಚಿಯಲ್ಲಿ ಈಗ 22 ಭಾಷೆಗಳಿವೆ. ಕನ್ನಡವು ಮೊದಲಿನ 14ರಲ್ಲಿಯೇ ಸೇರಿದೆ. ಇಂಗ್ಲಿಷ್ ಅದರಲ್ಲಿಲ್ಲ. ಆದುದರಿಂದ ಇಂಗ್ಲಿಷನ್ನು ಎಷ್ಟೇ ಬಲ್ಲವನಾದರೂ ಅದೊಂದರಿಂದಲೇ ಅರ್ಹನಾಗಲಾರ. ಆದರೆ ಕನ್ನಡವನ್ನು ಚೆನ್ನಾಗಿ ಕಲಿತವನು ಈ ನಿಬಂಧನೆಯನ್ನು ಪೂರೈಸಿದಂತೆಯೇ. ಪರದೇಶೀಯನಿಗೆ ಕನ್ನಡವು ದುಸ್ಸಾಧ್ಯವೆನ್ನುವಂತಿಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತೆಂಬುದನ್ನು ನೆನೆದರೆ ಸಾಕು.

ಅರ್ಜಿಯು ಜಿಲ್ಲಾಧಿಕಾರಿಗಳ ಮೂಲಕ ರಾಜ್ಯ ಸರ್ಕಾರಕ್ಕೂ, ಅಲ್ಲಿಂದ ಕೇಂದ್ರದ ಗೃಹ ಮಂತ್ರಾಲಯಕ್ಕೂ ಹೋಗುತ್ತದೆ. ನಡತೆಯ ವಿಷಯದಲ್ಲಿ ಇಬ್ಬರು ಭಾರತೀಯರ ಪ್ರಮಾಣಪತ್ರಗಳೂ, ಭಾಷಾಜ್ಞಾನದ ದೃಢೀಕರಣವೂ ಅದರೊಡನೆ ಇರಬೇಕು. ಇಲ್ಲಿ ನೆರೆಯವರ ಮತ್ತು ಉಪಾಧ್ಯಾಯರ ಹೊಣೆ ದೊಡ್ಡದು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಅರಿಯದವನನ್ನು ಬಲ್ಲವನೆಂದು ಬರೆದುಕೊಡುವುದು ಅಸತ್ಯ. ಉಚ್ಚಾರಣೆ ತುಸು ತೊಡರಿತೆಂದು ಬಲ್ಲವನಿಗೆ ಸಹಿ ನಿರಾಕರಿಸುವುದು ಅನ್ಯಾಯ. ಕಾನೂನು ಕೇಳುವುದು ಸಾಕಷ್ಟು ಜ್ಞಾನವನ್ನೇ ಹೊರತು ಪಾಂಡಿತ್ಯವನ್ನಲ್ಲ.

ಅರ್ಜಿದಾರರು ಎಚ್ಚರವಹಿಸಬೇಕಾದ ಸಂಗತಿಯೊಂದುಂಟು. ಭಾರತವು ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಒಪ್ಪುವುದಿಲ್ಲ. ಆದರೆ ಅರ್ಜಿ ಹಾಕುವಾಗ ಬೇಕಾದುದು, ಅದು ಅಂಗೀಕೃತವಾದರೆ ಹಳೆಯ ಪೌರತ್ವವನ್ನು ತ್ಯಜಿಸುವೆನೆಂಬ ವಾಗ್ದಾನ ಮಾತ್ರ. ಆತುರಪಟ್ಟು ಮೊದಲೇ ತ್ಯಜಿಸಿದವನ ಅರ್ಜಿ ತಿರಸ್ಕೃತವಾದರೆ ಅವನು ಯಾವ ದೇಶಕ್ಕೂ ಸೇರದವನಾಗಿ ಉಳಿಯುವ ಅಪಾಯವಿದೆ. ಪೌರತ್ವವನ್ನು ಕೊಡುವುದು ಬಿಡುವುದು ಸರ್ಕಾರದ ವಿವೇಚನೆಗೆ ಸೇರಿದ್ದು. ಕಾರಣ ಹೇಳಬೇಕೆಂಬ ಕಟ್ಟಳೆಯೂ ಅದಕ್ಕಿಲ್ಲವೆಂದು 14ನೆಯ ಕಲಮು ಹೇಳುತ್ತದೆ.

ಪರದೇಶೀಯ ಮೂಲದವರೆಲ್ಲರೂ ಈ ದಾರಿಯನ್ನೇ ಹಿಡಿಯಬೇಕೆಂದಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳೇ ಮೊದಲಾದ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ಈ ಅವಧಿಯಲ್ಲಿ ಇಲ್ಲಿ ಜನಿಸಿದ ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದವರಿಗೆ ಇದು ಮುಖ್ಯವಾದ ಮಾತು. ಇನ್ನು ವಿಜ್ಞಾನ, ತತ್ತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ, ಮಾನವಪ್ರಗತಿಗಳಿಗೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಈ ನಿಬಂಧನೆಗಳನ್ನು ಸಡಿಲಿಸುವ ಅಧಿಕಾರವೂ ಕೇಂದ್ರ ಸರ್ಕಾರಕ್ಕಿದೆ.

ಅರ್ಜಿ ಅಂಗೀಕೃತವಾದ ಮೇಲೆ, ಸಂವಿಧಾನಕ್ಕೆ ನಿಷ್ಠನಾಗಿದ್ದು ಕಾನೂನುಗಳನ್ನು ಪಾಲಿಸಿ ಪೌರನ ಕರ್ತವ್ಯಗಳನ್ನು ನೆರವೇರಿಸುವೆನೆಂದು ಪ್ರಮಾಣ ಸ್ವೀಕರಿಸಬೇಕು. ಬೆಲ್ಜಿಯಂನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಅವರು 1979ರಿಂದ ಭಾರತದಲ್ಲಿ ನೆಲೆಸಿ, 2002ರಲ್ಲಿ ಹೀಗೆ ನಮ್ಮವರಾದರು. ಇಂಥ ಪೌರನಿಗೆ ರಾಷ್ಟ್ರಪತಿಯ ಪದವಿಯ ಬಾಗಿಲೂ ಮುಚ್ಚಿಲ್ಲ. ಆ ಪದವಿಗೆ ಭಾರತದ ಪೌರನಾಗಿರಬೇಕೆಂದು ಸಂವಿಧಾನವು ಹೇಳುತ್ತದೆಯೇ ಹೊರತು ಇಲ್ಲಿಯೇ ಹುಟ್ಟಿರಬೇಕೆಂದು ಹೇಳುವುದಿಲ್ಲ. ಆದರೆ ವಂಚನೆಯಿಂದ ಪಡೆದ ಪೌರತ್ವವನ್ನೂ, ಸಂವಿಧಾನಕ್ಕೆ ದ್ರೋಹವೆಸಗಿದವನ ಪೌರತ್ವವನ್ನೂ ಸರ್ಕಾರವು ಕಸಿದುಕೊಳ್ಳಬಹುದು.

ಹುಟ್ಟಿನಿಂದ ಪೌರರಾದ ನಮಗೆ ಇದಾವುದನ್ನೂ ಯಾರೂ ಕೇಳಲಿಲ್ಲ. ನಾವು ನಡತೆಯ ಸಾಕ್ಷ್ಯ ಕೊಡಲಿಲ್ಲ, ಭಾಷೆಯ ಪರೀಕ್ಷೆಗೆ ನಿಲ್ಲಲಿಲ್ಲ, ಪ್ರಮಾಣವಚನ ಉಚ್ಚರಿಸಲಿಲ್ಲ. ಬಂದವನಿಂದ ನಾಡು ಅಪೇಕ್ಷಿಸುವ ಸಚ್ಚಾರಿತ್ರ್ಯ, ಭಾಷಾಜ್ಞಾನ, ಸಂವಿಧಾನನಿಷ್ಠೆಗಳು ಇದ್ದವರಲ್ಲಿ ಎಷ್ಟರಮಟ್ಟಿಗೆ ಇವೆಯೆಂಬುದನ್ನು ವಿದ್ಯಾರ್ಥಿಗಳು ತಮ್ಮೊಳಗೇ ವಿಚಾರಿಸಿಕೊಳ್ಳಲಿ.