ಹಾಲ್ ಥ್ರಸ್ಟರಿನೊಳಗಿನ ಪ್ಲಾಸ್ಮಾ: ಕಾಂತಕ್ಷೇತ್ರದ ತಡೆ ಮತ್ತು ಅದನ್ನು ದಾಟುವ ಎಲೆಕ್ಟ್ರಾನುಗಳು

ಉಪಗ್ರಹಗಳನ್ನು ನಿಗದಿತ ಕಕ್ಷೆಯಲ್ಲಿ ಕಾಯ್ದುಕೊಳ್ಳಲು ಬಳಸುವ ವಿದ್ಯುತ್ ನೋದನ ಸಾಧನಗಳಲ್ಲಿ ಹಾಲ್ ಥ್ರಸ್ಟರ್ ಪ್ರಮುಖವಾದುದು. ಸೋವಿಯತ್ ಒಕ್ಕೂಟದಲ್ಲಿ ಎ. ಐ. ಮೊರೊಜೊವ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಸಾಧನವನ್ನು ಹೊತ್ತ ಮೀಟಿಯೋರ್ ಉಪಗ್ರಹವು 1971ರ ಡಿಸೆಂಬರಿನಲ್ಲಿ ಕಕ್ಷೆ ಸೇರಿತು. ಅಂದಿನಿಂದ ಐದು ದಶಕಗಳು ಕಳೆದಿದ್ದರೂ ಅದರೊಳಗಿನ ಪ್ಲಾಸ್ಮಾದ ಒಂದು ವರ್ತನೆ ಮಾತ್ರ ಪೂರ್ಣವಾಗಿ ಲೆಕ್ಕಕ್ಕೆ ಸಿಕ್ಕಿಲ್ಲ.

ಸಾಧನದ ರಚನೆ ಸರಳವಾದುದು. ಉಂಗುರಾಕಾರದ ಪಿಂಗಾಣಿ ನಾಲೆಯ ತಳದಲ್ಲಿ ಆನೋಡ್, ಬಾಯಿಯ ಹೊರಗೆ ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಕ್ಯಾಥೋಡ್. ಇವೆರಡರ ನಡುವೆ ಸಾಮಾನ್ಯವಾಗಿ 300 ವೋಲ್ಟುಗಳ ವಿಭವಾಂತರ. ಕಾಂತಕ್ಷೇತ್ರವು ನಾಲೆಗೆ ಅಡ್ಡಲಾಗಿ, ತ್ರಿಜ್ಯದ ದಿಕ್ಕಿನಲ್ಲಿರುತ್ತದೆ. ಸುಮಾರು 150 ಗೌಸ್ ಬಲದ ಈ ಕ್ಷೇತ್ರದಲ್ಲಿ ಎಲೆಕ್ಟ್ರಾನು ಸುತ್ತುವ ವೃತ್ತದ ತ್ರಿಜ್ಯ ಒಂದು ಮಿಲಿಮೀಟರಿನಷ್ಟು. ಭಾರವಾದ ಕ್ಸೆನಾನ್ ಅಯಾನಿನದು ಎರಡು ಮೀಟರಿನಷ್ಟು. ನಾಲೆಯ ಉದ್ದವಾದರೋ ಕೆಲವೇ ಸೆಂಟಿಮೀಟರು. ಆದುದರಿಂದ ಎಲೆಕ್ಟ್ರಾನು ಸೆರೆಯಾಗಿ ಉಂಗುರದ ಸುತ್ತ ಹರಿಯುತ್ತದೆ. ಹಾಲ್ ಪ್ರವಾಹವೆನ್ನುವುದು ಇದನ್ನೇ. ಹೀಗೆ ಸುತ್ತುವ ಎಲೆಕ್ಟ್ರಾನುಗಳು ಕ್ಸೆನಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಅವುಗಳನ್ನು ಅಯಾನೀಕರಿಸುತ್ತವೆ. ಕಾಂತಕ್ಷೇತ್ರದ ಅಂಕೆಗೆ ಸಿಗದ ಅಯಾನುಗಳು ಸೆಕೆಂಡಿಗೆ 20 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹೊರನುಗ್ಗುತ್ತವೆ. ದೊರೆಯುವ ನೂಕುಬಲ ಮಾತ್ರ ಅತ್ಯಲ್ಪ. ರಷ್ಯಾದ ಎಸ್‌ಪಿಟಿ-100 ಸಾಧನದಲ್ಲಿ ಅದು ಎಂಟು ಗ್ರಾಮಿನ ವಸ್ತು ಅಂಗೈಯನ್ನು ಒತ್ತುವಷ್ಟೇ!

ಸಮಸ್ಯೆ ಇರುವುದು ಎಲೆಕ್ಟ್ರಾನುಗಳ ಸೆರೆಯಲ್ಲಿ. ಪರಮಾಣುಗಳೊಂದಿಗಿನ ಡಿಕ್ಕಿಯೊಂದನ್ನೇ ಗಣನೆಗೆ ತೆಗೆದುಕೊಂಡರೆ ಆನೋಡನ್ನು ತಲುಪಬೇಕಾದ ಎಲೆಕ್ಟ್ರಾನುಗಳು ಅತಿ ವಿರಳ. ಅಳತೆಯಲ್ಲಿ ಕಾಣುವ ಚಲನೆಯಾದರೋ ಇದರ ಹತ್ತಾರು ಪಟ್ಟು, ಕೆಲವೆಡೆ ನೂರಾರು ಪಟ್ಟು. ನೂಕುಬಲಕ್ಕೆ ಒದಗದ ಈ ಸೋರಿಕೆಯು ವಿದ್ಯುತ್ತಿನ ಗಣನೀಯ ಭಾಗವನ್ನು ನುಂಗುತ್ತದೆ. ಎಲೆಕ್ಟ್ರಾನುಗಳು ಪಿಂಗಾಣಿ ಗೋಡೆಗೆ ತಗುಲಿ ದಿಕ್ಕು ಬದಲಿಸುವುದೇ ಇದಕ್ಕೆ ಕಾರಣವೆಂದು ಮೊರೊಜೊವ್ ವಿವರಿಸಿದರು. ಈ ವಿವರಣೆ ನಾಲೆಯ ಒಳಗೆ ಒಪ್ಪತಕ್ಕದ್ದೇ. ಆದರೆ ಗೋಡೆಯೇ ಇಲ್ಲದ ಬಾಯಿಯ ಹೊರಭಾಗದಲ್ಲೂ ಸೋರಿಕೆ ಕಾಣುವುದರಿಂದ ಇದೊಂದೇ ಸಾಲದು. ಉಂಗುರದ ಸುತ್ತ ಏಳುವ ವಿದ್ಯುತ್ ಕ್ಷೇತ್ರದ ಏರಿಳಿತಗಳನ್ನು ಜೇನ್ಸ್ ಮತ್ತು ಲೌಡರ್ 1966ರಲ್ಲೇ ಗುರುತಿಸಿದ್ದರು. 2004ರಲ್ಲಿ ಆಡಮ್, ಎರೋನ್ ಮತ್ತು ಲವಾಲ್ ನಡೆಸಿದ ಗಣಕೀಯ ಅನುಕರಣೆಯಲ್ಲಿ ಮಿಲಿಮೀಟರಿನಷ್ಟು ಕಿರಿದಾದ ತರಂಗಗಳು ಎಲೆಕ್ಟ್ರಾನುಗಳನ್ನು ಸೆರೆಯಿಂದ ಬಿಡಿಸುವುದು ಕಂಡುಬಂದಿತು. 2009ರಲ್ಲಿ ಸಿಕಾಟಾ ಮತ್ತು ಸಂಗಡಿಗರು ಲೇಸರ್ ಬೆಳಕಿನ ಚದುರುವಿಕೆಯಿಂದ ಅಂಥ ತರಂಗಗಳನ್ನು ಪ್ರಯೋಗದಲ್ಲೇ ಅಳೆದರು. ಹೀಗಿದ್ದರೂ ವಿನ್ಯಾಸಕ್ಕೆ ಬಳಸುವ ಬಹುತೇಕ ಗಣಿತ ಮಾದರಿಗಳು ಸೋರಿಕೆಯ ಪ್ರಮಾಣವನ್ನು ಪ್ರಯೋಗದಿಂದ ಎರವಲು ಪಡೆಯುತ್ತಲೇ ಇವೆ.

ಇದರ ಪರಿಣಾಮ ಸಾಧನದ ಆಯುಷ್ಯದ ಮೇಲೂ ಬೀಳುತ್ತದೆ. ಅಯಾನುಗಳ ಹೊಡೆತಕ್ಕೆ ನಾಲೆಯ ಗೋಡೆ ಸವೆಯುತ್ತದೆ. ಎಷ್ಟು ಸವೆದೀತು ಎಂಬುದನ್ನು ಸಿದ್ಧಾಂತವೊಂದರಿಂದಲೇ ನೆಚ್ಚಿಕೊಂಡು ಹೇಳಲಾಗದ ಕಾರಣ ಸಾವಿರಾರು ಗಂಟೆಗಳ ಪರೀಕ್ಷೆ ಅನಿವಾರ್ಯ. ಅಮೆರಿಕದ ಬಿಪಿಟಿ-4000 ಥ್ರಸ್ಟರನ್ನು 10,000 ಗಂಟೆಗೂ ಮೀರಿ ಓಡಿಸಿದಾಗ ಸುಮಾರು 5,600 ಗಂಟೆಗಳ ಬಳಿಕ ಸವೆತ ಬಹುಮಟ್ಟಿಗೆ ನಿಂತೇಹೋಯಿತು. ಸವೆದ ಗೋಡೆಯ ಆಕಾರವು ಕಾಂತರೇಖೆಗಳಿಗೆ ಹೊಂದಿಕೊಂಡಿತ್ತೆಂದು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ವಿಜ್ಞಾನಿಗಳು ಅನಂತರ ವಿವರಿಸಿದರು. ಇಂದು ‘ಕಾಂತೀಯ ಕವಚ’ ಎನ್ನಿಸಿಕೊಂಡಿರುವ ವಿನ್ಯಾಸಕ್ರಮ ಈ ವಿವರಣೆಯನ್ನು ಆಧರಿಸಿದೆ. ಪರೀಕ್ಷೆಯ ಫಲವನ್ನೂ ಎಚ್ಚರದಿಂದಲೇ ನೋಡಬೇಕಾಗುತ್ತದೆ. ನೆಲದ ಮೇಲಿನ ನಿರ್ವಾತ ಕೋಣೆಯಲ್ಲಿ ಉಳಿಯುವ ಅಲ್ಪ ಅನಿಲವು ಮರಳಿ ನಾಲೆಗೆ ನುಗ್ಗಿ ಪ್ಲಾಸ್ಮಾದ ನಡೆಯನ್ನು ಬದಲಿಸಬಲ್ಲದು.

ಭಾರತವು 2017ರ ಮೇ 5ರಂದು ಹಾರಿಸಿದ ಜಿಸ್ಯಾಟ್-9 ಉಪಗ್ರಹದಲ್ಲಿ ವಿದ್ಯುತ್ ನೋದನವನ್ನು ಅಳವಡಿಸಲಾಗಿತ್ತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯು ಸ್ವದೇಶದಲ್ಲೇ ರೂಪಿಸಿದ 300 ಮಿಲಿನ್ಯೂಟನ್ ಸಾಮರ್ಥ್ಯದ ಥ್ರಸ್ಟರನ್ನು 1,000 ಗಂಟೆಗಳ ಪರೀಕ್ಷೆಗೆ ಒಳಪಡಿಸಿ, ಅದು ಯಶಸ್ವಿಯಾದುದನ್ನು 2025ರ ಮಾರ್ಚಿನಲ್ಲಿ ಪ್ರಕಟಿಸಿತು.